ಹಿಂಡಿ ಮಾರುವವಳ ಲೆಕ್ಕ

ಶಹಾಪುರದ ಲಕ್ಷ್ಮೀಕಾಂತ ಮಾಸ್ತರರು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾ, ಊರಿನ ಪತ್ರಿಕೆಗೆ ವಾರಕ್ಕೊಂದು ಅಂಕಣ ಬರೆಯುತ್ತಿದ್ದರು. ಚಹಾದಂಗಡಿಯಲ್ಲಿ ಕೂತವರೂ ಕೂಡಿ ಕಳೆದು ಯೋಚಿಸಬೇಕು ಎಂಬುದು ಅವರ ಹಟ. ಹಟವೇನೋ ಒಳ್ಳೆಯದೇ, ತಮ್ಮ ಲೆಕ್ಕ ಎಂದೂ ತಪ್ಪುವುದಿಲ್ಲ ಎಂಬ ಜಂಬ ಮಾತ್ರ ಅದಕ್ಕಿಂತ ಒಂದು ಗೇಣು ಹೆಚ್ಚಿತ್ತು.

ಒಂದು ವಾರ ಬರೆಯಲು ಏನೂ ಹೊಳೆಯದೆ ಪಕ್ಕದ ಮನೆಯ ಮಲ್ಲಿಕಮ್ಮನನ್ನು ಮಾತಿಗೆಳೆದರು. ಆಕೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿ ಕೆಂಭಾವಿ ಸಂತೆಗೆ ಒಯ್ದು ಮಾರುವವಳು. ಶೇಂಗಾದ ರೇಟು, ಖಾರದಪುಡಿಯ ರೇಟು, ಕೇಳಿದ್ದನ್ನೆಲ್ಲ ನಂಬಿ ಹೇಳಿದಳು. ಮಾಸ್ತರರು ಹೆಸರು ಬಿಟ್ಟು ಎಲ್ಲವನ್ನೂ ಅಚ್ಚು ಹಾಕಿಸಿದರು: ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ದಿನ ಪುಕ್ಕಟೆಯಲ್ಲ, ಸಂತೆಯ ಲಾಭಕ್ಕಿಂತ ಆ ದಿನ ತಪ್ಪಿಸಿಕೊಂಡ ಕೂಲಿಯೇ ದೊಡ್ಡದು.

ಆಕೆಯ ಗಂಡ ದ್ಯಾವಪ್ಪ ಅದನ್ನು ಓದಿ, ಇದು ನಮ್ಮಾಕೆಯದೇ ಎಂದು ಹಿಗ್ಗಿದ. ಮುಂದಿನ ಸಂತೆಯ ದಿನ ಹೆಂಡತಿಯನ್ನು ಹತ್ತಿ ಬಿಡಿಸಲು ಕಳಿಸಿದ. ಆಕೆ ಬೇಡವೆಂದರೆ, ಮಾಸ್ತರರೇ ಲೆಕ್ಕ ಮಾಡಿದ್ದಾರೆ ಎಂದು ಬಾಯಿ ಮುಚ್ಚಿಸಿದ.

ಎರಡು ಸಂತೆ ತಪ್ಪಿದ ಮೇಲೆ ಮಲ್ಲಿಕಮ್ಮ ಮಾಸ್ತರರ ಬಾಗಿಲಿಗೆ ಬಂದು ಇದ್ದದ್ದನ್ನು ಹೇಳಿದಳು. ಮಗಳು ಮೌನೇಶ್ವರಿಯನ್ನು ಕೆಂಭಾವಿಗೆ ಕೊಟ್ಟಿದ್ದರು. ಮೊಮ್ಮಗನ ಜವಳದಲ್ಲಿ ಉಡುಗೊರೆ ಕೊಡುವ ಆಯಾರದ ಸೀರೆಗಾಗಿ ಮಾತು ಬೆಳೆದು, ಬೀಗರ ನಡುವೆ ಹೋಗಿಬರುವುದೇ ನಿಂತಿತ್ತು. ಮಗಳು ಹಿಂಡಿ ಕೊಳ್ಳುವ ನೆಪದಲ್ಲಿ ಕೂಸನ್ನು ಎತ್ತಿಕೊಂಡು ಸಂತೆಗೆ ಬರುತ್ತಿದ್ದಳು. ಈ ಸಂಗತಿ ದ್ಯಾವಪ್ಪನಿಗೂ ತಿಳಿಯದು, ಬೀಗರಿಗೂ ತಿಳಿಯದು.

"ನಿಮ್ಮ ಲೆಕ್ಕ ಖರೇ ಐತ್ರಿ ಮಾಸ್ತರ್ರ," ಎಂದಳು. "ಆದ್ರ ಕೂಸು ನನ್ನ ಮಾರಿ ಮರೀತದ್ರಿ. ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ."

ಮಾಸ್ತರರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಎಲ್ಲದರ ರೇಟು ಕೇಳಿದ್ದ ಮಹಾಶಯರು, ಸಂತೆಗೆ ಯಾಕೆ ಹೋಗುತ್ತೀ ಎಂದು ಒಂದು ಮಾತು ಕೇಳಿರಲಿಲ್ಲ. ಈಗ ನಿಜ ಬರೆದರೆ ತಾಯಿ ಮಗಳ ಗುಟ್ಟು ಬಯಲು. ಆ ಲೆಕ್ಕವನ್ನು ಮತ್ತೆ ಮಾಡಿದರು, ಎಲ್ಲೂ ತಪ್ಪಿಲ್ಲ. ಆದರೂ ಮುಂದಿನ ವಾರ, ನಾನು ಕೂಡುವುದರಲ್ಲಿ ಎಡವಿದೆ, ಹಿಂಡಿ ಮಾರುವವಳಿಗೆ ಸಂತೆಯಲ್ಲೇ ಲಾಭ ಎಂದು ಬರೆದರು. ಕಾಲೇಜಿನಲ್ಲಿ ಹುಡುಗರು ಕೂಡುವ ಕಳೆಯುವ ಲೆಕ್ಕ ಬೋರ್ಡಿನ ಮೇಲೆ ಬರೆದಿಟ್ಟು ನಕ್ಕರು. ಮಾಸ್ತರರು ತಾವೇ ಒರೆಸಿ ಪಾಠ ಮಾಡಿದರು.

ಸಂಜೆ ಚಹಾದಂಗಡಿಯಲ್ಲಿ ನಾಲ್ಕು ಮಂದಿಯ ಮುಂದೆ ದ್ಯಾವಪ್ಪ ಅವರನ್ನು ತರಾಟೆಗೆ ತೆಗೆದುಕೊಂಡ.

"ಹಿಂಡಿ ಲೆಕ್ಕ ಬರಂಗಿಲ್ಲ, ಕಾಲೇಜಿನ್ಯಾಗ ಏನ್ ಕಲಸ್ತೀರಿ? ನಿಮ್ಮ ಮಾತು ಕೇಳಿ ನಮ್ಮಾಕಿ ಸಂತಿ ಹಾಳ್ ಮಾಡಿದೆ. ಬರೋ ಸಂತಿಯಿಂದ ಹೋಗಂದೀನಿ."

ಮಾಸ್ತರರು ಕಪ್ಪು ಕೆಳಗಿಟ್ಟರು. "ತಪ್ಪಾತು ದ್ಯಾವಪ್ಪ," ಎಂದರು. ಅವರ ದನಿ ನಡುಗಿದ್ದನ್ನು ಕೇಳಿ, ಒಂದು ಕೂಡುವ ಲೆಕ್ಕಕ್ಕೆ ಇಷ್ಟೇಕೆ ಎಂದು ದ್ಯಾವಪ್ಪನಿಗೇ ಕನಿಕರವಾಯಿತು.