ಯಜ್ಞೇಶ್ವರ ಮಾಸ್ತರರ ಏಳು ಒಂದುಗಳು

ಮಾಳಮಡ್ಡಿಯ ಹೆಡ್‌ಮಾಸ್ತರ ಯಜ್ಞೇಶ್ವರರಿಗೆ ಜಗತ್ತಿನಲ್ಲಿ ಎರಡೇ ವಸ್ತು ದೊಡ್ಡವು: ಒಂದು ತಾವು, ಇನ್ನೊಂದು ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರಾ ಹನ್ನೊಂದು. ಏಳು ಒಂದುಗಳ ಈ ಸಂಖ್ಯೆ ಅವಿಭಾಜ್ಯ, ಒಂದನ್ನೂ ತನ್ನನ್ನೂ ಬಿಟ್ಟರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದು ಎಂದು ಸಾಧಿಸಲು ಆರು ತಿಂಗಳು ಕೂತರು. ವಹಿಯಲ್ಲಿ ಒಂದೊಂದು ತಾರೀಖಿನ ಮುಂದೆ ಒಂದೊಂದು ಭಾಜಕ, ವರ್ಗಮೂಲದ ತನಕದ ಅವಿಭಾಜ್ಯಗಳನ್ನಷ್ಟೇ, ಮೊದಲೇ ಬರೆದಿಟ್ಟ ಯಾದಿ. ಸಂಧ್ಯಾವಂದನೆ ಮುಗಿಸಿ ದಿನಕ್ಕೊಂದು ಭಾಗಾಕಾರ. ಹೆಂಡತಿ ಅಂಬಾಬಾಯಿಗೆ ಆ ವಹಿ ಕಂಡರೆ ಮೈ ಉರಿಯುತ್ತಿತ್ತು. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ತಿಳಿಯದ ಗಂಡಸು, ಸಾಲೆಯಲ್ಲಿ ಮಾತ್ರ ಕಂಡಕಂಡವರನ್ನೆಲ್ಲ ಕತ್ತೆ ಎನ್ನುವ ಶೂರ!

೧೯೩೪ರ ಚೈತ್ರದಲ್ಲಿ ಯಾದಿ ಮುಗಿಯಿತು. ಮಾಸ್ತರರು ಸಾಲೆಯಲ್ಲಿ ಡಂಗುರ ಹೊಡೆದರು. ಶಿರಗುಪ್ಪಿಯ ಲಿಂಗವಂತರ ಮನೆಯಿಂದ ಬಂದ ಹೊಸ ಮಾಸ್ತರ ಶಾಂತಯ್ಯ, ಪಾಪ, ಬಾಯಿ ತಪ್ಪಿ ಕೇಳಿಬಿಟ್ಟ: "ಎಲ್ಲಾ ಭಾಜಕ ನೋಡೀರೇನ್ರಿ ಸರ?"

"ನನ್ನ ಕೇಳತೀಯಾ, ಕತ್ತಿ? ನಾಳಿ ಮುಂಜಾನಿಯೊಳಗ ಒಂದು ಭಾಜಕ ತೋರಸು. ಇಲ್ಲಾಂದ್ರ ರಾಜೀನಾಮಿ ಹಿಡಕೊಂಡು ಮನೀಗೆ ಬಾ!"

ಮರುದಿನ ಶಾಂತಯ್ಯ ರಾಜೀನಾಮೆ ಹಿಡಿದೇ ಬಂದ. ನೂರರ ತನಕ ಭಾಗಿಸುವಷ್ಟರಲ್ಲಿ ಅವನಿಗೆ ಕೈ ಸೋತಿತ್ತು. ಮನೆಯಲ್ಲಿ ಹೆಂಡತಿ ಬಸುರಿ, ಈ ನೌಕರಿ ಬಿಟ್ಟರೆ ಬೇರೆ ಗತಿಯಿಲ್ಲ. ತೂಗುಮಂಚದ ಮೇಲಿಂದಲೇ ಮಾಸ್ತರರು ಕೈ ಚಾಚಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಂಬಾಬಾಯಿಗೆ ಅದನ್ನು ನೋಡಿ ಹೇಸಿಕೆ ಬಂತು.

"ಅಲ್ಲರಿ, ಆ ವಹ್ಯಾಗ ಹತ್ತು ದಿವಸದ ಲೆಕ್ಕ ಖಾಲಿ ಅದಾವಲ್ಲ?"

"ಹುಚ್ಚಿ! ಕಾಕಾ ತೀರಿಕೊಂಡಾಗಿನ ಸೂತಕ ಅದು. ಸೂತಕದಾಗ ಪಾಟಿ ಮುಟ್ಟತಾರೇನು?"

"ಆಮ್ಯಾಲರ ಮಾಡಿದಿರೋ ಇಲ್ಲೋ?"

"ಹೋದ ತಾರೀಖು ತಿರುಗಿ ಬರತಾವೇನು?"

ಶಾಂತಯ್ಯ ತಲೆ ಎತ್ತಿದ. "ನಮ್ಮೊಳಗ ಸೂತಕ ಇಲ್ಲರಿ ಸರ," ಎಂದವನೇ ಪಾಟಿ ಎಳೆದುಕೊಂಡು, ವಹಿ ನೋಡಿ, ಆ ತಾರೀಖುಗಳಲ್ಲಿ ಬಿಟ್ಟುಹೋದ ಹತ್ತು ಭಾಜಕಗಳಿಗೆ ಕೈಹಚ್ಚಿದ. ಐದು ಹುಸಿಯಾದವು. ಆರನೆಯದು ಇನ್ನೂರಾ ಮೂವತ್ತೊಂಬತ್ತು. ಭಾಗಲಬ್ಧ ನಾಲ್ಕು ಸಾವಿರದ ಆರುನೂರಾ ನಲವತ್ತೊಂಬತ್ತು, ಶೇಷ ಸೊನ್ನೆ.

ಮಾಸ್ತರರು ಪಾಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಾಚಿಕೆ ಎಂಬುದು ಆ ಮನುಷ್ಯನ ಹತ್ತಿರ ಸುಳಿದಿದ್ದರೆ ತಾನೆ! "ಸೂತಕದಾಗ ಬಂದ ಭಾಜಕ ನಡ್ಯೂದಿಲ್ಲ. ಕೊಡು ರಾಜೀನಾಮಿ."

ಅಂಬಾಬಾಯಿ ನೆಟ್ಟಗೆ ಬಂದು ಶಾಂತಯ್ಯನ ಕೈಯೊಳಗಿನ ಕಾಗದ ಕಸಿದುಕೊಂಡು ಒಲೆಗೆ ಹಾಕಿದಳು.

"ಶಾಂತಯ್ಯನವರ, ನೀವು ಸಾಲಿಗೆ ನಡೀರಿ," ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. "ನೀವು ಹೋಗಬ್ಯಾಡ್ರಿ. ನಿಮ್ಮ ಸಂಖ್ಯಾ ಸತ್ತುಹೋತು. ಇನ್ನ ಹತ್ತು ದಿವಸ ಸೂತಕ."