ನೆಂಟರಿಗೆ ಹೇಳದ ಸುದ್ದಿ

ಮನೆ ತುಂಬ ನೆಂಟರಿರುವಾಗ ಯಜಮಾನನಾದವನು ಬೆಳಗೆದ್ದು ಮೊದಲು ದರ್ಶನ ಮಾಡಬೇಕಾದದ್ದು ದೇವರ ಪಟವನ್ನಲ್ಲ, ಬಾಗಿಲಾಚೆ ಬಿಟ್ಟ ಚಪ್ಪಲಿಗಳನ್ನು ಎಂಬುದು ನನ್ನ ಸ್ವಾನುಭವ. ಯಾರು ಎದ್ದಿದ್ದಾರೆ, ಯಾರು ಹೊರಗೆ ಹೋಗಿದ್ದಾರೆ, ನನ್ನ ಚಪ್ಪಲಿ ಯಾರ ಪಾದ ಸೇರಿದೆ ಎಂಬ ಸಮಸ್ತ ವೃತ್ತಾಂತವೂ ಅಲ್ಲಿ ಲಭ್ಯ. ಹಬ್ಬ ನಮ್ಮದಲ್ಲದಿದ್ದರೂ ರಜೆ ಎಲ್ಲರದೂ ಎಂಬ ತತ್ತ್ವಕ್ಕೆ ನಿಷ್ಠರಾದ ನನ್ನ ಹೆಂಡತಿಯ ತವರಿನವರು, ಅಂದರೆ ಮಾವ, ಇಬ್ಬರು ಬಾಮೈದರು ಮತ್ತು ಅವರ ಸಂಸಾರಗಳು, ನಾಲ್ಕು ವರ್ಷಗಳ ನಂತರ ಈ ಕ್ರಿಸ್‌ಮಸ್ ರಜೆಗೆ ಅರಕಲಗೂಡಿನಿಂದ ಸುಂಟಿಕೊಪ್ಪದ ನಮ್ಮ ತೋಟದ ಮನೆಗೆ ಬಂದಿಳಿದಿದ್ದರು.

ನಾನು ಹುಟ್ಟಾ ಪುಕ್ಕಲ. ಸಾರಿಗೆ ಉಪ್ಪು ಹೆಚ್ಚಾದೀತು, ಗೀಸರ್ ಕೈಕೊಟ್ಟೀತು ಎಂದೆಲ್ಲ ಹೆದರುತ್ತಿದ್ದವನಿಗೆ, ಅವರು ಬಂದ ಮರುದಿನ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಕಂಡಿತು: ಮೂರು ಆನೆ, ಪಕ್ಕದ ತೋಟ ದಾಟಿ ಕೆರೆ ಕಡೆ. ಕೆರೆಯೆಂದರೆ ನಮ್ಮದೇ ಕೆರೆ. ಹೆಂಡತಿಗೆ ತೋರಿಸಿದೆ.

“ಹೇಳ್ಬೇಡಿ ಕಣ್ರೀ,” ಎಂದಳು. “ಹೇಳಿದ್ರೆ ನಾಳೇನೇ ಗಂಟುಮೂಟೆ ಕಟ್ತಾರೆ. ಇನ್ಯಾವತ್ತೂ ಈ ಕಡೆ ತಲೆ ಹಾಕಲ್ಲ.”

ಅವಳ ಕಣ್ಣು ತುಂಬಿದ್ದನ್ನು ನೋಡಿ ನಾನು ಸೋತೆ. ಆನೆಯ ಅಪರಾಧವನ್ನು ಮಂಜಿನ ತಲೆಗೆ ಕಟ್ಟಿ, ಬೆಳಿಗ್ಗೆ ಎಂಟರವರೆಗೆ ತೋಟಕ್ಕಿಳಿದರೆ ಎದೆ ಕಟ್ಟುತ್ತದೆಂದು ಎಲ್ಲರಿಗೂ ವೈದ್ಯನ ಗಾಂಭೀರ್ಯದಿಂದ ಉಪದೇಶಿಸಿದೆ. ಆದರೆ ಮಧ್ಯಾಹ್ನ ಮಂಜೆಲ್ಲಿ? ಮಕ್ಕಳು ಕೆರೆಯ ಬಳಿ ಕ್ರಿಕೆಟ್ಟಿಗೆ ಹೊರಟಾಗ ಬೇರೆ ನೆಪ ಹೊಳೆಯದೆ ಅಂಪೈರಾಗಿ ನಿಂತೆ. ಆಟಕ್ಕೆ ಬೆನ್ನು, ಕಾಫಿ ಗಿಡಗಳಿಗೆ ಮುಖ, ಜೇಬಿನಲ್ಲಿ ದೀಪಾವಳಿಯಲ್ಲಿ ಉಳಿದ ಪಟಾಕಿ. ಎಲೆ ಅಲುಗಿದಾಗಲೆಲ್ಲ ಯಾರೋ ಒಬ್ಬರನ್ನು ಔಟೆಂದು ಘೋಷಿಸಿ ಅರ್ಧ ಗಂಟೆಯಲ್ಲಿ ಪಂದ್ಯ ಮುಗಿಸಿದ ನನ್ನ ದಕ್ಷತೆಯನ್ನು ಮಕ್ಕಳು ಇನ್ನೂ ಕ್ಷಮಿಸಿಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೆ ನೋಡಿದರೆ ಮಾವನ ಚಪ್ಪಲಿ ಇಲ್ಲ. ನಿವೃತ್ತ ಮೇಷ್ಟರು ಅವರು. ಮಂಜಿಗೆ ಹೆದರಿ ವಾಕಿಂಗ್ ಬಿಡುವ ಜಾಯಮಾನದವರಲ್ಲ. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಮಣಿಯನ್ನು ಆಳುಗಳ ಲೈನ್ ಮನೆಯಿಂದ ಎಬ್ಬಿಸಿ ಕರೆದುಕೊಂಡು ಇಳಿದೆ. ನಮ್ಮಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕಿಂಗಿನವರನ್ನು ತೋಟದೊಳಗೆ ಬಿಡುವ ಮುಂಚೆ ರೈಟರ್ ಆನೆ ಲದ್ದಿ ಹುಡುಕಿ, ಅದರ ಮೇಲೆ ಅಂಗೈ ಹಿಡಿದು ನೋಡುವುದು ವಾಡಿಕೆ. ತಣ್ಣಗಿದ್ದರೆ ಕೆಲಸ, ಬಿಸಿಯಿದ್ದರೆ ರಜೆ. ಕೆರೆಯ ದಾರಿಯಲ್ಲಿ ಮಣಿ ಬಗ್ಗಿ ಕೈ ಹಿಡಿದ.

“ಬಿಸಿ ಇದೆ ಸಾರ್,” ಎಂದು ಪಿಸುಗುಟ್ಟಿದ. “ಕೂಗ್ಬೇಡಿ. ಕೂಗಿದ್ರೆ ನಿಮ್ಮ ಮಾವ ಆನೆ ಇರೋ ಈ ಕಡೆಗೇ ಓಡಿ ಬರ್ತಾರೆ.”

ಅವರ ಮಗಳಿಗೆ ಏನೆಂದು ಹೇಳಲಿ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮಾವ ಪಂಪ್‌ಹೌಸಿನ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಒಂದು ಕಾಲು ಬರಿಗಾಲು.

“ಹತ್ತೇ ಮಾರು ದೂರದಲ್ಲಿ ಹೋದ್ವು ಅಳಿಯಂದ್ರೆ,” ಎಂದರು. ಆಮೇಲೆ ದನಿ ತಗ್ಗಿಸಿ ಸೇರಿಸಿದರು, “ಮನೇಲಿ ಹೇಳೋದು ಬೇಡ. ಮಗಳು ಪಾಪ, ಎಷ್ಟು ಆಸೆಯಿಂದ ಕರೆಸ್ಕೊಂಡವ್ಳೆ.”

ಓದುಗ ಮಹಾಶಯರೇ, ಆ ಮಾತು ಕೇಳಿ ನನಗೆ ಹಾಯೆನಿಸಿತು. ಗುಟ್ಟು ಉಳಿಯಿತಲ್ಲ ಎಂಬ ಹಾಯಿ! ನಡುಗುವ ಮುದುಕರ ತೋಳು ಹಿಡಿದುಕೊಂಡೇ ಹಾಗನ್ನಿಸಿತು. ಆನೆಗಿಂತ ನನ್ನ ಆ ನೆಮ್ಮದಿಗೇ ನಾನು ಹೆಚ್ಚು ಹೆದರಿದೆ. ನೆಂಟರು ಬೇಸರಪಟ್ಟಾರೆಂಬ ಅಂಜಿಕೆಯಲ್ಲಿ ನೆಂಟರನ್ನೇ ಪಣಕ್ಕಿಟ್ಟ ಆತಿಥ್ಯ ನನ್ನದು.

ಅಕ್ಕಿ ರೊಟ್ಟಿಯ ತಟ್ಟೆಗಳ ಮುಂದೆ ಎಲ್ಲರೂ ಕೂತಾಗ, ಹೆಂಡತಿಯ ಮುಖ ನೋಡದೆ, ಇದ್ದದ್ದನ್ನು ಇದ್ದಂತೆ ಹೇಳಿದೆ. ಹಿರಿಯ ಬಾಮೈದನ ಮಗಳು, ಒಂಬತ್ತು ವರ್ಷದವಳು, ರೊಟ್ಟಿ ಕೆಳಗಿಟ್ಟು ನನ್ನತ್ತ ತಿರುಗಿದಳು.

“ನಿನ್ನೆ ನಾವು ಆಡ್ವಾಗ್ಲೂ ಆನೆ ಇತ್ತಾ ಮಾವ?”

“ಇತ್ತು ಮಗಳೇ.”

“ನಿಮ್ಗೆ ಗೊತ್ತಿತ್ತಾ?”

ಗೊತ್ತಿತ್ತು ಎಂದೆ.