ಫಟಫಟಿಯ ಹಿಂದಿನ ಸೀಟು

ನನ್ನ ಗಂಡನ ಮುಖಕ್ಕಿಂತ ಅವರ ಕುತ್ತಿಗೆಯ ಹಿಂಭಾಗವೇ ನನಗೆ ಹೆಚ್ಚು ಪರಿಚಯ. ಎಡಗಿವಿಯ ಹಿಂದೆ ಎಳ್ಳುಕಾಳಿನಷ್ಟು ಒಂದು ಮಚ್ಚೆ ಇದೆ. ಅದು ಇರುವುದು ಅವರಿಗೇ ಗೊತ್ತಿರಲಿಲ್ಲ, ನಾನು ಹೇಳಿದ ಮೇಲೆ ಗೊತ್ತಾಯಿತು. ಕೂದಲು ಬೆಳ್ಳಗಾಗತೊಡಗಿದ್ದೂ ಮೊದಲು ಅಲ್ಲೇ, ಅಂಗಿಯ ಕಾಲರಿನ ಮೇಲೆ. ಇಷ್ಟೆಲ್ಲ ತಿಳಿದದ್ದು ಅವರ ಸಣ್ಣ ಫಟಫಟಿಯ ಹಿಂದಿನ ಸೀಟಿನಲ್ಲಿ ಒಂದೇ ಮಗ್ಗುಲಾಗಿ ಕೂತು ಕೂತು. ಆ ಹಳೇ ಫಟಫಟಿ ಬಿಟ್ಟು ದೊಡ್ಡ ಹೊಸ ಗಾಡಿ ತಗೊಳ್ಳಬೇಕೋ ಬೇಡವೋ ಎಂಬ ಮಾತು ಹೋದ ವರ್ಷ ಮನೆಯಲ್ಲಿ ಎದ್ದಾಗ, ತಗೊಳ್ಳಲೇಬೇಕು ಎಂದು ಪಟ್ಟು ಹಿಡಿದವಳು ನಾನೇ.

ಆ ಗಾಡಿ ನನಗಿಂತ ಮೊದಲೇ ಆ ಮನೆಗೆ ಬಂದದ್ದು. ಮದುವೆಯಾಗಿ ನಾನು ಇಳಕಲ್ಲಿಗೆ ಬಂದಾಗ ಬಾಗಿಲ ಮುಂದಿನ ಕಟ್ಟೆಗೆ ಒರಗಿ ನಿಂತಿತ್ತು. ಮನೆ ತುಂಬ ಜನ. ಅತ್ತೆ, ಮಾವ, ಮೈದುನರು, ನೆಗೆಣ್ಣಿ, ದಿನಾ ಬಂದುಹೋಗುವ ನೆಂಟರು. ಹೊಸ ಸೊಸೆ ಹಿರಿಯರ ಎದುರು ಗಂಡನ ಜೊತೆ ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಅವರು ಲಿಂಗಪೂಜೆ ಮುಗಿಸಿ ಬಂದರೆ ನಾನು ತಾಟು ಇಟ್ಟು ಒಳಗೆ ಹೋಗಬೇಕು. ಇನ್ನೊಂದು ರೊಟ್ಟಿ ಬೇಕೇನು ಎಂದು ಕೇಳಬೇಕಾದರೂ ಅತ್ತೆಯವರೇ ಕೇಳಬೇಕು. ರಾತ್ರಿ ಕೋಣೆ ನಮ್ಮದೇ, ಆದರೆ ಗೋಡೆ ಅರ್ಧಕ್ಕೇ ನಿಂತಿತ್ತು. ಆಚೆ ಬದಿಗೆ ಮಾವನವರು ಕೆಮ್ಮುತ್ತ ಮಲಗುತ್ತಿದ್ದರು. ಗಂಡನ ದನಿ ಹೇಗಿದೆ ಎಂದು ಯಾರಾದರೂ ಕೇಳಿದ್ದರೆ ಆಗ ನನಗೆ ಹೇಳಲು ಬರುತ್ತಿರಲಿಲ್ಲ.

ಮದುವೆಯಾದ ಕೆಲವು ವಾರಕ್ಕೆ ತವರಿಗೆ ಹೊರಟೆವು. ನನ್ನ ತವರು ಬಾದಾಮಿ ದಾಟಿ, ಕುಳಗೇರಿ ಕ್ರಾಸಿನ ಹತ್ತಿರದ ಒಂದು ಹಳ್ಳಿ. ಅತ್ತೆಯವರು ಬುತ್ತಿ ಕಟ್ಟಿಕೊಟ್ಟರು, ಸೆರಗು ಗಾಲಿಗೆ ಸಿಗದ ಹಾಗೆ ನೋಡಿಕೋ ಎಂದರು. ನಾನು ಹೆದರಿ ಸೀಟಿನ ಕಬ್ಬಿಣದ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಾಲು ಎಲ್ಲಿಡಬೇಕೆಂದು ತಿಳಿಯದೆ ಮುದುಡಿ ಕೂತಿದ್ದೆ. ಊರ ಹೊರಗೆ ಬಂದ ಮೇಲೆ ಅವರು ಮುಂದೆ ನೋಡುತ್ತಲೇ ಅಂದರು:

“ಕಾಲು ಆರಾಮ ಇಡು. ಸೈಲೆನ್ಸರ ಆ ಕಡಿಗೈತಿ, ಸುಡಂಗಿಲ್ಲ.”

ಅವರು ನನಗೆ ಅಂತಲೇ ಆಡಿದ ಮೊದಲನೆಯ ಮಾತು ಅದು. ನಾನು ಹೂಂ ಅಂದೆ. ಗುಡೂರು ಬರುವ ಹೊತ್ತಿಗೆ ಹೂಂ ಬಿಟ್ಟು ಬೇರೆ ಮಾತೂ ಬಂತು. ಬಾದಾಮಿಯ ಹತ್ತಿರ ಬನಶಂಕರಿಗೆ ಕೈಮುಗಿದು ಮತ್ತೆ ಗಾಡಿ ಏರಿದಾಗ ಹಿಡಿಕೆ ಬಿಟ್ಟು ಅವರ ಹೆಗಲ ಮೇಲೆ ಕೈ ಇಟ್ಟಿದ್ದೆ. ಕುಳಗೇರಿ ಕ್ರಾಸಿನಲ್ಲಿ ಗಿರ್ಮಿಟ್, ಮಿರ್ಚಿ ತಿನ್ನಲು ನಿಂತರೆ ಎದುರುಬದುರು ಕೂತ ನಮ್ಮಿಬ್ಬರಿಗೂ ಒಂದು ಅಕ್ಷರ ಹೊರಡಲಿಲ್ಲ. ಇಬ್ಬರೂ ತಾಟು ನೋಡುತ್ತ ತಿಂದೆವು. ಗಾಡಿ ಏರಿದ ಮೇಲೆ ಮತ್ತೆ ಮಾತು ಶುರು.

ಆಮೇಲೆ ಅದೇ ರೂಢಿಯಾಯಿತು. ಅವರಿಗೆ ಗುಡೂರಿನ ಸಹಕಾರಿ ಸಂಘದಲ್ಲಿ ಕೆಲಸ. ನನಗೂ ಮುಂದೆ ಅದೇ ಊರಿನ ಸಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ದಿನಾ ಇಳಕಲ್ಲಿನಿಂದ ಹೋಗುವುದು, ಸಂಜೆ ಬರುವುದು. ನಮ್ಮ ಸಂಸಾರ ನಡೆದದ್ದು ಆ ರಸ್ತೆಯ ಮೇಲೆ. ನಾನು ಮಾಸ್ತರಿಕೆಯ ತರಬೇತಿಗೆ ಹೋಗಬೇಕು ಅಂದದ್ದು, ಮಗಳಿಗೆ ಹೆಸರು ಆರಿಸಿದ್ದು, ಬೇರೆ ಮನೆ ಮಾಡಬೇಕೋ ಬೇಡವೋ ಎಂದು ಒಂದಿಡೀ ಚಳಿಗಾಲ ವಾದಿಸಿದ್ದು, ಎಲ್ಲ ಗಾಡಿಯ ಮೇಲೆಯೇ. ಅದು ಓಡುವುದು ಎತ್ತಿನ ಗಾಡಿಗಿಂತ ಒಂದಿಷ್ಟು ಜೋರು, ಅಷ್ಟೇ. ಸದ್ದು ಮಾತ್ರ ಊರಿಗೆಲ್ಲ. ನಮ್ಮ ಮಾತು ಇನ್ನೊಬ್ಬರ ಕಿವಿಗೆ ಬೀಳದಂತೆ ಆ ಸದ್ದೇ ಕಾವಲು ಕಾಯುತ್ತಿತ್ತು. ನಾನು ಅವರ ಎಡ ಹೆಗಲಿನ ಮೇಲಿಂದ ಬಾಗಿ ಹೇಳುತ್ತಿದ್ದೆ, ಅವರು ಗಾಳಿಗೆ ಉತ್ತರ ಕೊಡುತ್ತಿದ್ದರು. ಮಾತು ಅರ್ಧಕ್ಕಿದ್ದಾಗ ಸಾಲೆ ಬಂದುಬಿಟ್ಟರೆ ನಿಲ್ಲಿಸದೆ ಮುಂದೆ ಹೋಗಿ ಬೇವಿನ ಗಿಡ ಸುತ್ತಿ ತಿರುಗಿ ಬರುತ್ತಿದ್ದರು. ಸಾಲೆಯಲ್ಲಿ ಕಲಿಸುವ ಉಳಿದ ಬಾಯಂದಿರು ಅದನ್ನು ನೋಡಿ ನಗುತ್ತಿದ್ದರು. ನಗಲಿ ಬಿಡಿ.

ಜಗಳವೂ ಅಲ್ಲೇ. ಜಗಳಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಮುಖ ಕಾಣುವುದಿಲ್ಲ, ಎದ್ದು ಹೋಗಲು ಬರುವುದಿಲ್ಲ. ನನ್ನ ತಂದೆ ತೀರಿಕೊಂಡ ವರ್ಷ ನಾನು ಆ ಸೀಟಿನ ಮೇಲೆ ಭಾಳ ದಿನ ಅತ್ತಿದ್ದೇನೆ. ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ, ಅಳಬೇಡ ಅನ್ನಲಿಲ್ಲ. ಗಾಡಿ ನಿಧಾನ ಮಾಡುತ್ತಿದ್ದರು. ಮನೆ ಮುಟ್ಟುವುದರೊಳಗೆ ನಾನು ಕಣ್ಣು ಒರೆಸಿಕೊಳ್ಳಲಿ ಎಂದು ಅಷ್ಟು ನಿಧಾನ.

ಹೀಗಿದ್ದ ಗಾಡಿಯ ಮೇಲೆ ನನಗೇಕೆ ಸಿಟ್ಟು ಬಂತು ಎಂದರೆ, ಅದು ಹೋದ ಬ್ಯಾಸಿಗೆಯಲ್ಲಿ ಗುಡೂರಿನ ಹಾದಿಯಲ್ಲಿ ಪದೇ ಪದೇ ನಿಲ್ಲತೊಡಗಿತು. ಅವರು ರಿಟೈರ್ ಆಗಿದ್ದಾರೆ, ನನ್ನ ನೌಕರಿ ಇನ್ನೂ ಉಳಿದಿದೆ, ದಿನಾ ಬಿಟ್ಟು ಬರುವ ಕೆಲಸ ಅವರು ಬಿಟ್ಟಿಲ್ಲ. ಕೂಡಿ ಹೊರಟರೆ ಮುಟ್ಟುತ್ತೇವೆಂಬ ಭರವಸೆ ಇಲ್ಲ. ಇಳಕಲ್ಲಿನ ಗಾಡಿ ರಿಪೇರಿಯ ಮೇಸ್ತ್ರಿ ಇದರ ಸಾಮಾನು ಸಿಗುವುದಿಲ್ಲ ಎಂದು ಕೈಚೆಲ್ಲಿದ. ರಾಮಥಾಳದ ಕಡೆ ಒಂದು ಮದುವೆಗೆ ಹೊರಟಾಗ ನಡು ಹಾದಿಯಲ್ಲಿ ಕೆಟ್ಟು, ರೇಷ್ಮೆಯ ಇಳಕಲ್ ಸೀರೆ ಉಟ್ಟ ನಾನು ಹಿಂದಿನಿಂದ ನೂಕಬೇಕಾಯಿತು. ಅಕ್ಷತೆ ಬಿದ್ದ ಮೇಲೆ ಮುಟ್ಟಿದೆವು, ಕೈ ತುಂಬ ಕರಿ ಎಣ್ಣೆ.

“ಇದನ್ನ ಗುಜರಿಗೆ ಹಾಕ್ರಿ, ಇಲ್ಲಾ ನನ್ನ ಹಾಕ್ರಿ,” ಅಂದೆ.

ಬಾಗಲಕೋಟೆಯ ನವನಗರದಲ್ಲಿರುವ ಮಗಳು ನನ್ನ ಪಕ್ಷ. “ಅಪ್ಪಾ, ಅವ್ವನ ಮಣಕಾಲು ನೋಡು, ಆ ಡಬ್ಬಿ ಬಿಡು,” ಎಂದು ಫೋನಿನಲ್ಲಿ ಬೈದಳು. ಅವರು ಮೊದಲು ಹಠ ಹಿಡಿದರು, ಆಮೇಲೆ ಎರಡು ದಿನ ಉಂಡರೂ ಉಣ್ಣದ ಹಾಗೆ ಇದ್ದು, ಆಯಿತು ನಡಿ ಅಂದರು.

ಬಾಗಲಕೋಟೆಗೆ ಹೋದದ್ದೂ ಅದೇ ಗಾಡಿಯಲ್ಲಿ. ಅವತ್ತು ಅದು ಎಲ್ಲೂ ನಿಲ್ಲಲಿಲ್ಲ, ಹೊಟ್ಟೆಕಿಚ್ಚಿಗೆ ಅನ್ನಬೇಕು. ಶೋರೂಮಿನಲ್ಲಿ ಕರ್ರಗೆ ಹೊಳೆಯುವ ದೊಡ್ಡ ಗಾಡಿ ತೋರಿಸಿದರು. ಗುಂಡಿ ಒತ್ತಿದರೆ ಶುರು. ಮೊದಲು ಇಬ್ಬರೂ ಒಂದು ಸುತ್ತು ಹೋಗಿಬನ್ನಿ ಅಂದರು. ಹಿಂದಿನ ಸೀಟು ನನ್ನ ಎದೆಮಟ್ಟ ಇತ್ತು. ಮಗಳು ಒಂದು ಕಡೆ, ಸೇಲ್ಸಿನವನು ಒಂದು ಕಡೆ ಹಿಡಿದು ನನ್ನನ್ನು ಏರಿಸಿದರು. ಅವರು ಹೊರಟರು. ಎಂಥ ಓಟ! ರಸ್ತೆಯ ತಗ್ಗೇ ಗೊತ್ತಾಗಲಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ನಾನು ಬಾಗಿ ಏನೋ ಅಂದೆ, ಗಾಳಿ ಅದನ್ನು ಬಾಯಿಂದಲೇ ಕಿತ್ತುಕೊಂಡು ಹೋಯಿತು. ಶೋರೂಮಿನವರು ಕೊಟ್ಟ ದೊಡ್ಡ ಹೆಲ್ಮೆಟ್ಟಿನಲ್ಲಿ ಅವರ ಕಿವಿ ಮುಚ್ಚಿಹೋಗಿತ್ತು. ಮಚ್ಚೆಯೂ ಕಾಣಲಿಲ್ಲ. ಇರಲಿ, ವಯಸ್ಸಾದ ಮೇಲೆ ಮಾತೇನು ಎಂದು ನನಗೆ ನಾನೇ ಹೇಳಿಕೊಂಡೆ.

ತಿರುಗಿ ಬಂದು ನಾನು ಇಳಿದೆ. ಅವರಿಗೆ ಆಸೆ ತೀರಿರಲಿಲ್ಲ, ಮುಖ ನೋಡಿದರೇ ಗೊತ್ತಾಗುತ್ತಿತ್ತು.

“ನೀವೊಬ್ಬರ ಇನ್ನೊಂದು ರೌಂಡ ಹೊಡದ ಬರ್ರಿ,” ಅಂದೆ.

ನಾನೂ ಮಗಳೂ ರಸ್ತೆಯ ಬದಿಗೆ ನಿಂತೆವು. ಅವರು ದೂರ ಹೋಗಿ ತಿರುಗಿ ನಮ್ಮ ಕಡೆಗೆ ಬರತೊಡಗಿದರು. ಆಗ ನನಗೆ ಹೊಳೆಯಿತು, ಅವರು ಗಾಡಿ ಹೊಡೆಯುವುದನ್ನು ನಾನು ಎದುರಿನಿಂದ ಸರಿಯಾಗಿ ನೋಡಿಯೇ ಇರಲಿಲ್ಲ. ಯಾವಾಗಲೂ ಹಿಂದೆ ಕೂತವಳು, ನೋಡುವುದು ಹೇಗೆ?

ಬೆನ್ನು ನೆಟ್ಟಗಿತ್ತು. ಕೈ ನೆಟ್ಟಗಿದ್ದವು. ತಲೆ ಮಾತ್ರ ಎಡಕ್ಕೆ ವಾಲಿತ್ತು. ಎಡ ಹೆಗಲಿನ ಕಡೆಗೆ ಇಷ್ಟು ಬಾಗಿಸಿ, ಯಾರೋ ಏನೋ ಹೇಳುತ್ತಿದ್ದಾರೆ, ಒಂದು ಮಾತೂ ತಪ್ಪಬಾರದು ಎನ್ನುವ ಹಾಗೆ. ಹಿಂದಿನ ಸೀಟು ಖಾಲಿ.

“ಅಪ್ಪ ಯಾಕ ಕುತ್ತಿಗಿ ಹಂಗ ಹಿಡಕೊಂಡಾನ? ಉಳಕೇತೇನು?” ಎಂದಳು ಮಗಳು.

ಇಲ್ಲ ಎಂದು ತಲೆ ಅಲ್ಲಾಡಿಸಿದೆ, ಅಷ್ಟೇ.

ಅವರು ಬಂದು ಇಳಿದು ಹೆಲ್ಮೆಟ್ ತೆಗೆದರು. ಮುಖ ಅರಳಿತ್ತು. “ಭಾಳ ಚಲೋ ಗಾಡಿ. ನೀ ಹೇಳಿದ್ದು ಖರೆ,” ಎಂದು, ಹಾದಿಯ ಮೇಲೆ ಯಾವಾಗಲೂ ಕೇಳುವ ಹಾಗೆ ಕೇಳಿದರು: “ಏನಂತಿ?”

ಸೇಲ್ಸಿನವನು ನನ್ನ ಮುಖ ನೋಡುತ್ತಿದ್ದ. ಮಗಳು ನೋಡುತ್ತಿದ್ದಳು. ಎಲ್ಲರಿಗಿಂತ ಹತ್ತಿರ ಅವರ ಮುಖ, ಕಣ್ಣು ನೇರ ನನ್ನ ಮೇಲೆ. ಸಾಲೆಯಲ್ಲಿ ಐವತ್ತು ಮಕ್ಕಳನ್ನು ಒಂದೇ ದನಿಗೆ ಕೂಡಿಸುವ ನನಗೆ ನಾಲಿಗೆ ಏಳಲಿಲ್ಲ.

“ನಡೀರಿ,” ಅಂದೆ. “ಹಾದ್ಯಾಗ ಹೇಳ್ತೇನಿ.”

ಮಗಳಿಗೆ ಸಿಟ್ಟು ಬಂತು. ಇಷ್ಟು ದೂರ ಬಂದು ಹೀಗಾ ಎಂದು ಗೊಣಗಿದಳು. ಅವರು ಏನೂ ಕೇಳದೆ ಹೊರಗೆ ಹೋಗಿ ನಮ್ಮ ಫಟಫಟಿಗೆ ಕಿಕ್ ಹೊಡೆದರು. ನಾಲ್ಕನೆಯದಕ್ಕೋ ಐದನೆಯದಕ್ಕೋ ಅದು ಕೆಮ್ಮಿ ಎದ್ದಿತು. ನಾನು ಸೆರಗು ಸುತ್ತಿಕೊಂಡು ಯಾರ ಕೈಯೂ ಹಿಡಿಯದೆ ಏರಿ ಕೂತೆ.

ಊರು ದಾಟಿತು. ಅಮೀನಗಡದಲ್ಲಿ ಕರದಂಟು ತಗೊಂಡೆವು. ಅದು ದಾಟಿದ ಮೇಲೆ ಅವರು ಗಾಡಿ ನಿಧಾನ ಮಾಡಿದರು. ಅವರ ತಲೆ ಎಡಕ್ಕೆ ವಾಲಿತು. ಇಷ್ಟು ವರ್ಷ ನಾನೇ ಬಾಗುತ್ತಿದ್ದೇನೆ ಅಂದುಕೊಂಡಿದ್ದೆ.

“ಇದ ಇರ್ಲಿ,” ಅಂದೆ ಆ ಮಚ್ಚೆಯ ಹತ್ತಿರ. “ಸಾಮಾನು ಎಲ್ಲಿ ಸಿಗತಾವೋ ಹುಡುಕೂಣು. ಕೆಟ್ಟರ ನೂಕತೇನಿ.”

ಅವರು ಗಾಳಿಗೆ ಕೇಳಿದರು:

“ಇದನ್ನ ಅಲ್ಲೇ ಹೇಳಾಕ ಏನಾಗಿತ್ತು?”

“ಅಲ್ಲಿ ನಿಮ್ಮ ಮುಖ ಕಾಣತಿತ್ತು,” ಅಂದೆ.